ತೊಂಬತ್ತನಾಲ್ಕು ಸೆಂಟಿಮೀಟರಿಗೊಂದು ಕೈ

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಇಂಕಮ್ಮ ಎಂದೇ ಕರೆಯುತ್ತಿದ್ದರು. ಹಾಜರಿ ಪಟ್ಟಿಯಲ್ಲಿ ಬೇರೆ ಹೆಸರಿತ್ತು. ಯಾರಾದರೂ ಅದನ್ನು ಕೂಗಿದರೆ ಅವಳೇ ಒಂದು ಕ್ಷಣ ತಡೆದು ತಿರುಗುತ್ತಿದ್ದಳು. ಇಪ್ಪತ್ತೆರಡು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ಪ್ಲಾಸ್ಟಿಕ್ ಫಿಲಂ ಮೇಲೆ ಒಂದು ಗೆರೆ ಇಂಕು ಎಳೆಯುವುದು, ಮನಸ್ಸಿನಲ್ಲೇ ಒಂದು, ಎರಡು ಎಂದು ಎಣಿಸುವುದು, ಇಂಕು ಏನು ಮಾಡುತ್ತದೆ ಎಂದು ನೋಡುವುದು. ಎರಡು ಎಣಿಸುವ ತನಕ ಗೆರೆ ಗೆರೆಯಾಗಿಯೇ ನಿಂತರೆ ಫಿಲಂ ಪಾಸು. ಅಷ್ಟರಲ್ಲೇ ಕುಗ್ಗಿ ಹನಿಹನಿಯಾಗಿ ಒಡೆದರೆ ಫೇಲು.

ಪ್ಲಾಸ್ಟಿಕ್ಕು ಹುಟ್ಟಿನಿಂದಲೇ ಮುಖ ತಿರುಗಿಸಿಕೊಂಡ ವಸ್ತು. ಅದಕ್ಕೆ ಇಂಕೂ ಬೇಡ, ಗೋಂದೂ ಬೇಡ. ಏನು ಹಚ್ಚಿದರೂ ಜಾರಿಸಿಬಿಡುತ್ತದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಬಣ್ಣ ನಿಲ್ಲಬೇಕಾದರೆ ಮೊದಲು ಅದರ ಮೈ ಹದಕ್ಕೆ ಬರಬೇಕು. ಅದಕ್ಕೊಂದು ಯಂತ್ರ. ಫಿಲಂ ಒಂದು ದಪ್ಪ ರೋಲರಿನ ಮೇಲೆ ಹಾದುಹೋಗುವಾಗ, ಅಕ್ಕಿಕಾಳಿನಷ್ಟು ಅಂತರದಲ್ಲಿ ನಿಂತ ಲೋಹದ ಪಟ್ಟಿಯಿಂದ ಸಾವಿರಾರು ವೋಲ್ಟಿನ ವಿದ್ಯುತ್ತು ಅದರ ಮೇಲೆ ಸುರಿಯುತ್ತದೆ. ಬೆಂಕಿಯಿಲ್ಲ, ಹೊಗೆಯಿಲ್ಲ. ನೇರಳೆ ಬಣ್ಣದ ಸಣ್ಣ ಬೆಳಕಿನ ಗೆರೆ, ಹಾವು ಬುಸುಗುಟ್ಟಿದಂಥ ಸದ್ದು, ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದಮೇಲೆ ಬರುವಂಥ ವಾಸನೆ. ಆ ಬೆಳಕಿನಡಿ ಹಾದುಬಂದ ಫಿಲಂ ನೋಡಲು ಮೊದಲಿನ ಹಾಗೇ ಇರುತ್ತದೆ. ಮುಟ್ಟಿದರೂ ವ್ಯತ್ಯಾಸ ತಿಳಿಯುವುದಿಲ್ಲ. ಇಂಕಿಗೆ ಮಾತ್ರ ತಿಳಿಯುತ್ತದೆ.

ಈ ಯಂತ್ರಕ್ಕೆ ಕರೋನಾ ಎಂದು ಹೆಸರು. ಆ ಕಾಯಿಲೆ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಇಟ್ಟ ಹೆಸರು. ಆದರೆ ಇಂಕಮ್ಮನ ಅತ್ತೆಗೆ ಇಂಥ ಅವಕಾಶ ಸಿಕ್ಕರೆ ಬಿಡುತ್ತಾರೆಯೇ? ಸೊಸೆ ಸಂಜೆ ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, "ಬಂದ್ಳಪ್ಪಾ ಕರೋನಾ! ಮೊದ್ಲು ಹೋಗಿ ನಲ್ಲಿ ಮುಟ್ಟಿ ಬಾರೇ, ಆಮೇಲೆ ನನ್ನ ಮುಟ್ಟು" ಎನ್ನುವರು. ಅದು ಬರೀ ತಮಾಷೆಯಲ್ಲ. ದಿನವಿಡೀ ಫಿಲಂ ನಡುವೆ ಓಡಾಡಿದವಳ ಬಟ್ಟೆಯಲ್ಲಿ ವಿದ್ಯುತ್ತು ಕೂತಿರುತ್ತಿತ್ತು. ಒಮ್ಮೆ ಲೋಟ ಕೊಡಲು ಹೋಗಿ ಮುದುಕಿಯ ಬೆರಳಿಗೆ ಚಟ್ಟನೆ ಕಿಡಿ ಹಾರಿ, ಲೋಟ ನೆಲಕ್ಕೆ ಬಿದ್ದಿತ್ತು.

ಗಂಡ ಗಡಿಯಾರ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತರೆ ಊಟಕ್ಕೆ ಮೂರು ಸಲ ಕೂಗಬೇಕು. ಮಾತು ಕಡಿಮೆ. ಮಕ್ಕಳಿರಲಿಲ್ಲ, ಅದರ ಬಗ್ಗೆ ಮೂವರೂ ಮಾತಾಡುವುದನ್ನು ಎಂದೋ ಬಿಟ್ಟಿದ್ದರು.

ಇಂಕಮ್ಮನ ಎಡಗೈಯ ಅಂಗೈಯಲ್ಲಿ ದೊಡ್ಡ ಸುಟ್ಟ ಕಲೆ. ಮಣಿಕಟ್ಟಿನಿಂದ ಬೆರಳ ಬುಡದವರೆಗೆ ಚರ್ಮ ನುಣ್ಣಗೆ, ಗೆರೆಗಳೇ ಇಲ್ಲದೆ ಹೊಳೆಯುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ ತಲೆ ತಿರುಗಿ ಬಿದ್ದು ಬಿಸಿ ನೀರಿನ ಪೈಪು ಹಿಡಿದುಕೊಂಡಳಂತೆ. 'ಅಂತೆ' ಯಾಕೆಂದರೆ ಅವಳಿಗೆ ಅದರ ನೆನಪಿಲ್ಲ. ಬೆಳಗ್ಗೆ ಗೇಟಿನಲ್ಲಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡದ್ದು ನೆನಪಿದೆ. ಆಮೇಲೆ ಆಸ್ಪತ್ರೆಯ ಹಸಿರು ಗೋಡೆ. ಆಗ ಅವಳು ಯಂತ್ರದ ವಿಭಾಗದಲ್ಲಿ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿಯುತ್ತಿದ್ದಳು. ವಾಸಿಯಾಗಿ ಬಂದ ದಿನ ಮೇಸ್ತ್ರಿಯೇ ಮ್ಯಾನೇಜರ್ ಹತ್ತಿರ ಹೋಗಿ, "ಈ ಹುಡುಗಿ ಕಣ್ಣು ಬಹಳ ಚುರುಕು ಸಾರ್, ಇವಳನ್ನ ಟೆಸ್ಟಿಂಗಿಗೆ ಹಾಕಿ" ಎಂದು ಹೇಳಿ ಕೆಲಸ ಬದಲಾಯಿಸಿಕೊಟ್ಟಿದ್ದರು. ಆ ಮಾತನ್ನು ಅವಳು ಇಪ್ಪತ್ತೆರಡು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದಳು. ಓದು ಅರ್ಧಕ್ಕೆ ಬಿಟ್ಟವಳಿಗೆ ಯಾರೋ ಕೊಟ್ಟ ಒಂದೇ ಒಂದು ಸರ್ಟಿಫಿಕೇಟು ಅದು.

ಒಂದು ಸೋಮವಾರ ಬೆಳಗ್ಗೆ, ಅವರ ಫಿಲಂ ಕೊಂಡು ಪೊಟ್ಟಣ ಅಚ್ಚುಹಾಕುವ ಪ್ರಿಂಟರ್ ತಾನೇ ಬಂದ. ಅವನು ಬಂದರೆ ಮೊದಲು ನಗು ಕೇಳಿಸುತ್ತಿತ್ತು, ಆಮೇಲೆ ಹೊಟ್ಟೆ ಕಾಣಿಸುತ್ತಿತ್ತು. ಅವತ್ತು ನಗು ಇರಲಿಲ್ಲ.

"ಇಂಕಮ್ಮಾ, ನಿಮ್ಮಲ್ಲಿ ಯಾರಿಗಾದ್ರೂ ನನ್ನ ಮೇಲೆ ಸಿಟ್ಟಿದ್ಯಾ?" ಎಂದು ಹಳದಿ ಬಣ್ಣ ಅಚ್ಚಾದ ಫಿಲಂ ತುಂಡನ್ನು ಮೇಜಿನ ಮೇಲೆ ಹರಡಿದ. ಅದರ ಮೇಲೆ ಅಗಲವಾದ ಅಂಟುಪಟ್ಟಿ ಒತ್ತಿ ಸರ್ರನೆ ಕಿತ್ತ. ಸುತ್ತ ಬಣ್ಣ ನಿಂತಿತ್ತು. ನಡುವೆ ಮಾತ್ರ ಕಿತ್ತುಬಂದಿತ್ತು. ಒಂದು ಅಂಗೈ, ಐದು ಬೆರಳು.

"ನಿಮ್ಮ ಪ್ರೆಸ್ಸಲ್ಲೇ ಯಾರೋ ಎಣ್ಣೆ ಕೈಯಲ್ಲಿ ಮುಟ್ಟಿದಾರೆ ಬಿಡಿ" ಎಂದು ಅವಳು ನಕ್ಕಳು.

"ಮುಟ್ಟಿದ್ರೆ ಒಂದು ಕಡೆ ಮುಟ್ತಾರೆ. ಇದು ಪೂರ್ತಿ ಸುರುಳಿಯಲ್ಲಿದೆ. ತೊಂಬತ್ತನಾಲ್ಕು ಸೆಂಟಿಮೀಟರಿಗೊಂದು. ಟೇಪು ಹಿಡಿದು ಅಳೆದಿದೀನಿ."

ಅವಳ ನಗು ಅರ್ಧಕ್ಕೇ ನಿಂತಿತು. ಕರೋನಾ ಯಂತ್ರದ ರೋಲರಿನ ಸುತ್ತಳತೆ ತೊಂಬತ್ತನಾಲ್ಕು ಸೆಂಟಿಮೀಟರು. ಮನೆಯ ಬಾಗಿಲ ನಂಬರಿನಂತೆ ಅದು ಅವಳಿಗೆ ಬಾಯಿಪಾಠ.

ಯಂತ್ರ ನಡೆಸುವವನಿಗೆ ಲಾಯರ್ ಎಂದು ಅಡ್ಡಹೆಸರು. ಬೆಳಗಾಗಿದೆ ಎಂದರೂ ವಾದಕ್ಕೆ ನಿಲ್ಲುವ ಆಸಾಮಿ. ಅವನ ಯಂತ್ರದಿಂದ ಆಗಷ್ಟೇ ಹೊರಬಂದ ಫಿಲಂನಲ್ಲಿ ಎರಡು ಮೀಟರು ಕತ್ತರಿಸಿ ತಂದಳು. ಅವತ್ತು ಒಂದು ಗೆರೆಯಲ್ಲ, ಹತ್ತಿಯ ಉಂಡೆಯಲ್ಲಿ ಇಂಕು ಅದ್ದಿ ಇಡೀ ಫಿಲಂ ಮೇಲೆ ಬಳಿದಳು. ಒಂದು ಎಂದು ಎಣಿಸುವಷ್ಟರಲ್ಲಿ ಇಂಕು ಹಿಂದೆ ಸರಿಯತೊಡಗಿತು. ಎಲ್ಲ ಕಡೆಯಲ್ಲ. ಕೆಳಗಿನಿಂದ ಯಾರೋ ಕೈ ಒತ್ತಿ ಅದನ್ನು ದೂರ ತಳ್ಳುತ್ತಿರುವಂತೆ, ಮೊದಲು ಅಂಗೈಯ ನಡುವಿನಿಂದ, ಆಮೇಲೆ ಒಂದೊಂದೇ ಬೆರಳಿನ ಉದ್ದಕ್ಕೂ ಸರಿಯಿತು. ನೀಲಿ ಬಣ್ಣದ ನಡುವೆ ಪಾರದರ್ಶಕವಾದ ಒಂದು ಎಡಗೈ ಉಳಿಯಿತು.

"ಅಕ್ಕಾ, ಇದು ಕೈಯಲ್ಲ. ನೋಡೋರ ಕಣ್ಣಿಗೆ ಹಾಗೆ ಕಾಣ್ತಿದೆ ಅಷ್ಟೇ" ಎಂದ ಲಾಯರ್.

ಅವಳು ಟೇಪು ಹಿಡಿದು ಮುಂದಕ್ಕೆ ತೊಂಬತ್ತನಾಲ್ಕು ಅಳೆದು ತೋರಿಸಿದಳು. ಅಲ್ಲಿ ಇನ್ನೊಂದಿತ್ತು. ಲಾಯರ್ ಸೇರಿದ ಮೇಲೆ ಮೊದಲ ಸಲ ವಾದ ಮಾಡದೆ ಹೋದ.

ಮಧ್ಯಾಹ್ನದೊಳಗೆ ಸುದ್ದಿ ಪ್ಯಾಕಿಂಗ್ ಹೆಂಗಸರ ಕಿವಿಗೆ ಬಿತ್ತು. ಅವರೇನು ಅಂಜುಬುರುಕಿಯರಲ್ಲ. ಫಿಲಂ ಸುರುಳಿಗಳ ನಡುವೆ ಕೆಲಸ ಮಾಡುವವರಿಗೆ ಚಿಕ್ಕಪುಟ್ಟ ವಿಚಿತ್ರಗಳೆಲ್ಲ ಅಭ್ಯಾಸ: ಹತ್ತಿರ ಹೋದರೆ ತೋಳಿನ ರೋಮ ಎದ್ದು ನಿಲ್ಲುವುದು, ಬಿಡಿ ಫಿಲಂ ತಾನಾಗಿ ಹಾರಿಬಂದು ಬಟ್ಟೆಯ ಅಂಚು ಹಿಡಿದುಕೊಳ್ಳುವುದು, ಗೋದಾಮಿನಲ್ಲಿ ಸುಮ್ಮನೆ ನಿಂತ ಸುರುಳಿ ಒಳಗಿಂದೊಳಗೇ ಚಟಚಟ ಎನ್ನುವುದು. ಇಷ್ಟು ದಿನ ಅವಕ್ಕೆಲ್ಲ ನಕ್ಕು ಮುಂದೆ ಹೋಗುತ್ತಿದ್ದವರು ಈಗ ಬಟ್ಟೆಯ ಅಂಚು ಹಿಡಿದುಕೊಂಡದ್ದನ್ನು ಬಿಡಿಸಿಕೊಳ್ಳುವಾಗ ತಿರುಗಿ ನೋಡಲಿಲ್ಲ. ಇಬ್ಬರಿಬ್ಬರಾಗಿ ಗೋದಾಮಿಗೆ ಹೋಗತೊಡಗಿದರು.

ಮಂಗಳವಾರ ಮ್ಯಾನೇಜರ್ ಎಲ್ಲರಿಗೂ ಕೈಗವಸು ಹಾಕಿಸಿದ. ಕೈ ಬಂತು. ರೋಲರನ್ನು ಒರೆಸಿದರು. ಕೈ ಬಂತು. ಬುಧವಾರ, "ಯಾರೋ ಬೇಕಂತಲೇ ಮಾಡ್ತಿದಾರೆ" ಎಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಎಡಗೈಗೆ ಬಣ್ಣ ಬಳಿದು ಕಾಗದದ ಮೇಲೆ ಒತ್ತಿಸಿದ. ಇಂಕಮ್ಮನದೂ ತೆಗೆದುಕೊಂಡರು. ಗಾಯದ ಚರ್ಮ ಕಾಗದಕ್ಕೆ ಸರಿಯಾಗಿ ಕೂರಲಿಲ್ಲ. ಬೆರಳುಗಳೂ ಸೆಟೆದುಕೊಂಡು ಪೂರ್ತಿ ಚಾಚುತ್ತಿರಲಿಲ್ಲ. ಅಲ್ಲೊಂದು ಇಲ್ಲೊಂದು ಕಪ್ಪು ಮಚ್ಚೆ ಬಂತೇ ಹೊರತು ಕೈ ಬರಲಿಲ್ಲ.

"ನಿಮ್ದು ಬಿಡಿ, ಇಂಕಮ್ಮ. ನಿಮ್ದಂತೂ ಅಲ್ಲ" ಎಂದ ಮ್ಯಾನೇಜರ್.

ಬೇರೆ ಯಾರದ್ದೂ ಹೊಂದಲಿಲ್ಲ. ಫಿಲಂ ಮೇಲಿನ ಕೈ ಗಂಡಸರದ್ದಕ್ಕಿಂತ ಚಿಕ್ಕದಿತ್ತು, ಆದರೆ ಬೆರಳು ಉದ್ದ. ಗುರುವಾರ ಅಳೆದಾಗ ಅವಳಿಗೆ ಇನ್ನೊಂದು ವಿಷಯ ತಿಳಿಯಿತು. ಸೋಮವಾರ ಎಂಟು ಸೆಂಟಿಮೀಟರಿದ್ದ ನಡುಬೆರಳು ಒಂಬತ್ತೂವರೆ ಆಗಿತ್ತು. ಬೆಳಗ್ಗೆ ಅಳೆದದ್ದಕ್ಕೂ ಸಂಜೆ ಅಳೆದದ್ದಕ್ಕೂ ಕಾಲು ಸೆಂಟಿಮೀಟರಿನಷ್ಟು ವ್ಯತ್ಯಾಸ. ಅಂಗೈ ಇದ್ದ ಹಾಗೇ ಇತ್ತು. ಬೆರಳುಗಳು ಮಾತ್ರ ಬೆಳೆಯುತ್ತಿದ್ದವು, ಯಂತ್ರ ನಡೆಸುವವನು ನಿಲ್ಲುವ ಅಂಚಿನ ಕಡೆಗೆ. ಅದನ್ನು ಕೇಳಿದ ಲಾಯರ್ ಆ ಬದಿ ಬಿಟ್ಟು ಆಚೆ ಬದಿಗೆ ಹೋಗಿ ನಿಂತ. ಕಾರಣ ಕೇಳಿದರೆ, "ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ" ಎಂದ.

ಶುಕ್ರವಾರ ಮಧ್ಯಾಹ್ನ ಕಿಟಕಿಯ ಬೆಳಕಿಗೆ ಫಿಲಂ ಹಿಡಿದು ನೋಡುತ್ತಿದ್ದಾಗ, ಉಂಗುರದ ಬೆರಳಿನ ಬುಡದಲ್ಲಿ ಅಡ್ಡವಾಗಿ ಒಂದು ಸಾಲು ಚುಕ್ಕೆ ಕಂಡವು. ಅಲ್ಲಿ ಒಂದು ಪಟ್ಟಿಯಷ್ಟು ಇಂಕು ನಿಂತು, ಅದರೊಳಗೆ ಸಾಸಿವೆಯಷ್ಟು ಸಣ್ಣ ಸಣ್ಣ ಖಾಲಿ ಜಾಗ ಉಳಿದಿತ್ತು. ಏಳು ಚುಕ್ಕೆ, ಒಂದೇ ಅಂತರ. ಆ ಸಾಲಿನ ಗುರುತು ಅವಳಿಗೆ ಸಿಕ್ಕಿತು.

ಮದುವೆಯಾದ ಹೊಸದರಲ್ಲಿ ಗಂಡ ಹಳೆಯ ಗೋಡೆ ಗಡಿಯಾರದ ಹಿತ್ತಾಳೆ ಹಲ್ಲುಚಕ್ರವೊಂದನ್ನು ಉಜ್ಜಿ ಅವಳಿಗೆ ಉಂಗುರ ಮಾಡಿಕೊಟ್ಟಿದ್ದ. ಜಗತ್ತಿನಲ್ಲಿ ಇನ್ನೊಬ್ಬಳ ಬೆರಳಲ್ಲಿ ಅಂಥದ್ದು ಇರಲು ಸಾಧ್ಯವಿಲ್ಲ. ಸುಟ್ಟುಕೊಂಡ ದಿನವೇ ಅದು ಕಳೆದುಹೋಗಿತ್ತು. ಆಸ್ಪತ್ರೆಯಲ್ಲಿ ಯಾರೋ ತೆಗೆದಿರಬೇಕು ಎಂದುಕೊಂಡು ಸುಮ್ಮನಾಗಿದ್ದರು.

ಆ ಸಂಜೆ ಮನೆಗೆ ಬಂದವಳು ನಲ್ಲಿ ಮುಟ್ಟುವುದನ್ನೂ ಮರೆತು ನೇರ ಅಂಗಡಿಗೆ ಹೋಗಿ, ಗಂಡನ ಮೇಜಿನ ಮೇಲೆ ಫಿಲಂ ಹರಡಿ ದೀಪ ಹತ್ತಿರಕ್ಕೆಳೆದಳು.

"ರೀ, ಈ ಚುಕ್ಕೆ ಒಂದು ಸಲ ನೋಡಿ."

ಅವನು ಮಸೂರ ಸಿಕ್ಕಿಸಿಕೊಂಡು ಬಾಗಿದ. ಆಮೇಲೆ ಸೂಕ್ಷ್ಮ ಅಳತೆಯ ಕಡ್ಡಿ ತೆಗೆದು ಎರಡು ಚುಕ್ಕೆಗಳ ನಡುವೆ ಇಟ್ಟು ನೋಡಿದ.

"ನಾನು ಮಾಡಿದ್ದೇ" ಎಂದ. "ಮೂರನೇ ಹಲ್ಲು ಸ್ವಲ್ಪ ಮೊಂಡಾಗಿತ್ತು. ಇಲ್ಲೂ ಮೊಂಡಾಗಿದೆ. ಎಲ್ಲಿ ಸಿಕ್ತು ಇದು?"

ಅವಳು ಹೇಳಿದಳು. ಒಳಗಿನಿಂದ ಅತ್ತೆಯೂ ಬಂದು ಬಾಗಿಲಿಗೆ ಒರಗಿ ನಿಂತರು. ಅವರು ಫಿಲಂ ನೋಡಿದರು, ಸೊಸೆಯ ಕೈ ನೋಡಿದರು, ತಮಾಷೆ ಮಾಡಲಿಲ್ಲ. "ಇದು ಸುಡೋಕೆ ಮುಂಚಿನ ಕೈ ಕಣೇ" ಎಂದಷ್ಟೇ ಹೇಳಿದರು.

ಗಂಡ ಎದ್ದು ಕಪಾಟಿನ ಮೇಲಿನ ಖಾನೆಯಿಂದ ಒಂದು ಹೆಂಗಸರ ಕೈಗಡಿಯಾರ ತೆಗೆದ. ಅವಳದೇ. ಅದು ಅಲ್ಲಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಮುಳ್ಳು ಹನ್ನೊಂದೂ ಹತ್ತಕ್ಕೆ ನಿಂತಿತ್ತು.

"ಅವತ್ತು ನಿನ್ನ ಕೈಯಲ್ಲಿದ್ದದ್ದು. ರಿಪೇರಿ ಮಾಡೋಣ ಅಂತ ಬಿಚ್ಚಿದೆ. ಒಳಗಿನ ಸುರುಳಿ ತಂತಿ ಸುತ್ತಿಗೆ ಸುತ್ತು ಅಂಟ್ಕೊಂಡಿತ್ತು. ಅಯಸ್ಕಾಂತದ ಹತ್ರ ಹೋದ್ರೆ, ಇಲ್ಲಾ ದೊಡ್ಡ ಕರೆಂಟು ಪಕ್ಕದಲ್ಲಿ ಹಾದ್ರೆ ಹಾಗಾಗುತ್ತೆ. ಬಿಸಿ ಪೈಪು ಮುಟ್ಟಿದ್ರೆ ಆಗಲ್ಲ."

"ಮತ್ತೆ ಇಷ್ಟು ವರ್ಷ ಯಾಕ್ರೀ ಹೇಳ್ಲಿಲ್ಲ?"

"ನೀನು ಎದ್ದು ಕೂತಿದ್ದೆ. ಊಟ ಮಾಡ್ತಿದ್ದೆ. ಕೇಳೋಕೆ ಹೆದರಿಕೆ ಆಯ್ತು" ಎಂದ ಅವನು, ಗಡಿಯಾರದ ಬೆನ್ನನ್ನು ಹೆಬ್ಬೆರಳಿಂದ ಒರೆಸುತ್ತ.

ಶನಿವಾರ ಅವಳು ಅರ್ಧ ದಿನ ರಜೆ ಹಾಕಿ ಮೇಸ್ತ್ರಿಯ ಮನೆಗೆ ಹೋದಳು. ಅವರು ನಿವೃತ್ತರಾಗಿ ಆರು ತಿಂಗಳಾಗಿತ್ತು. ಮಗಳ ಮನೆಯಲ್ಲಿ ಮೂರನೆಯ ಮಹಡಿಯ ಒಂದು ಕೋಣೆ. ಮಂಚ, ಕುರ್ಚಿ, ಕಿಟಕಿಯಲ್ಲಿ ಹೊಳೆಯುವ ಬಿಸಿಲು. ಹಿಂದೆ ಬಂದಾಗಲೆಲ್ಲ ಅವರು ಎದ್ದು ಬಂದು ಬರಮಾಡಿಕೊಳ್ಳುತ್ತಿದ್ದರು. ಈಗ ಅವಳ ಕಂಕುಳಲ್ಲಿ ಸುತ್ತಿದ ಫಿಲಂ ನೋಡಿದವರು ಕೂತಲ್ಲೇ ಕೂತರು. ಅವಳು ಇನ್ನೂ ಬಿಚ್ಚಿರಲಿಲ್ಲ. ಒಂದು ಮಾತೂ ಆಡಿರಲಿಲ್ಲ.

"ಎಡಗೈ ತಾನೆ?" ಎಂದರು.

"ನಿಮಗೆ ಹೇಗೆ ಗೊತ್ತು, ಮೇಸ್ತ್ರಿಗಳೇ?"

"ಕೂತ್ಕೋಮ್ಮ. ನಾನು ಬಿಟ್ಮೇಲೆ ಸ್ಲೀವ್ ಬದಲಾಯಿಸಿದ್ರಾ?"

ರೋಲರಿನ ಮೇಲೆ ದಪ್ಪ ಸಿಲಿಕಾನ್ ಕವಚವೊಂದಿರುತ್ತದೆ. ಅದನ್ನೇ ಅವರು ಸ್ಲೀವ್ ಎನ್ನುವುದು. ಬದಲಾಯಿಸಿ ಎರಡು ವಾರವಾಯಿತು ಎಂದಳು. ಲೋಹಕ್ಕೆ ಏನೋ ಗಟ್ಟಿ ಮೇಣದಂಥದ್ದು ಮೆತ್ತಿಕೊಂಡಿದ್ದನ್ನು ಹೊಸ ಫಿಟ್ಟರ್ ಕೆರೆದು ಸ್ವಚ್ಛ ಮಾಡಿದ್ದನಂತೆ. ಮೇಸ್ತ್ರಿ ಕಣ್ಣು ಮುಚ್ಚಿಕೊಂಡರು.

"ಆ ಮೇಣ ತುಂಬಿದ್ದು ನಾನೇ. ಎರಡು ಸಲ ಸ್ಲೀವ್ ಬದಲಾಯಿಸ್ದಾಗ್ಲೂ ಎಲ್ಲರನ್ನೂ ಟೀಗೆ ಕಳಿಸಿ ನಾನೊಬ್ನೇ ತುಂಬಿದೆ. ಅದರ ಕೆಳಗೆ ನಿನ್ನ ಕೈ ಇದೆ."

ಆಮೇಲೆ ಅವರು ಹೇಳಿದ್ದು ಇಷ್ಟು. ಆ ದಿನ ಹೊಸ ರೋಲರ್ ಕೂರಿಸಿದ್ದರು. ಇನ್ನೂ ಕವಚ ಹಾಕಿರಲಿಲ್ಲ, ಬರೀ ಲೋಹ. ರೋಲರಿನಿಂದ ನೆಲಕ್ಕೆ ಹೋಗಬೇಕಾದ ಅರ್ಥ್ ವೈರನ್ನೂ ಸಿಕ್ಕಿಸಿರಲಿಲ್ಲ. ಒಂದು ಸಲ ಒರೆಸು ಎಂದು ಅವಳಿಗೆ ಹೇಳಿ, ಅವರು ಹಿಂದಿನ ಪ್ಯಾನೆಲ್ ಹತ್ತಿರ ಹೋದರು. ಮೀಟರ್ ನೋಡೋಣ ಎಂದು ಸ್ವಿಚ್ ಒತ್ತಿದರು.

"ಒರೆಸು ಅಂತ ಹೇಳಿದ್ದು ನಾನೇ. ಹೇಳಿದ್ದು ಮರೆತೆ. ತಿರುಗಿ ನೋಡ್ತೀನಿ, ನಿನ್ನ ಕೂದಲೆಲ್ಲ ಎದ್ದು ನಿಂತಿದೆ. ಕೈ ಸುತ್ತ ನೇರಳೆ ಬೆಳಕು. ನೀನು ನನ್ನೇ ನೋಡ್ತಿದ್ದೆ. ಕೂಗ್ಲಿಲ್ಲ. ನಕ್ಕ ಹಾಗಿತ್ತು ಮುಖ. ಇವತ್ತಿಗೂ ಆ ಮುಖ ನನ್ನ ಬಿಟ್ಟಿಲ್ಲ."

"ಆಮೇಲೆ?"

"ಸ್ವಿಚ್ ಆರಿಸಿದೆ. ನೀನು ಬಿದ್ದೆ. ಉಸಿರಿರ್ಲಿಲ್ಲ ನಿನಗೆ. ಎದೆ ಒತ್ತಿದೆ, ಒತ್ತಿದೆ… ಒಂದು ಹೊತ್ತಲ್ಲಿ ನೀನು ಕೆಮ್ಮಿದೆ."

"ಎಷ್ಟು ಹೊತ್ತು ಹಾಗಿದ್ದೆ?"

"ಗೊತ್ತಿಲ್ಲ. ನೋಡೋಣ ಅಂತ ನಿನ್ನ ಗಡಿಯಾರ ನೋಡ್ದೆ. ಅದೂ ನಿಂತಿತ್ತು."

ಲೋಹದ ಮೇಲೆ ಅವಳ ಕೈ ಇದ್ದಷ್ಟು ಜಾಗ ಸುಟ್ಟು ಸಣ್ಣಗೆ ಕುಳಿ ಬಿದ್ದಿತ್ತು. ಅವರು ಅದಕ್ಕೆ ಮೇಣ ತುಂಬಿ, ಮೇಲೆ ಕವಚ ಎಳೆದು, ಬಿಸಿ ಪೈಪಿನ ಕಥೆ ಕಟ್ಟಿದರು. ಮಗಳು ಆಗ ಇನ್ನೂ ಶಾಲೆಯಲ್ಲಿದ್ದಳು, ಕೆಲಸ ಹೋದರೆ ಗತಿಯೇನು ಎಂದು ಭಯವಾಯಿತು ಎಂದರು. ದಿಂಬಿನ ಕೆಳಗಿನಿಂದ ಒಂದು ಡಬ್ಬಿ ತೆಗೆದು ಅವಳ ಮುಂದಿಟ್ಟರು. ಒಳಗೆ ಹಿತ್ತಾಳೆ ಉಂಗುರ. ಒಂದು ಬದಿಯ ಹಲ್ಲುಗಳು ಕರಗಿ ಒಂದಾಗಿದ್ದವು.

ಅವಳು ಉಂಗುರ ಮುಟ್ಟಲಿಲ್ಲ. ಅವಳು ಕೇಳಿದ್ದು ಬೇರೆಯೇ.

"ಮತ್ತೆ ನನ್ನ ಟೆಸ್ಟಿಂಗಿಗೆ ಹಾಕಿಸಿದ್ದು?"

ಮೇಸ್ತ್ರಿ ಕಿಟಕಿಯ ಕಡೆ ನೋಡಿದರು. "ಆ ಯಂತ್ರದ ಹತ್ರ ನೀನು ನಿಂತಿರೋದನ್ನ ನೋಡೋಕೆ ನನ್ನಿಂದ ಆಗ್ತಿರ್ಲಿಲ್ಲಮ್ಮ."

"ಕಣ್ಣು ಚುರುಕು ಅಂದಿದ್ರಿ."

"ಅದು ಆಮೇಲೆ ನಿಜ ಆಯ್ತು."

ಅವಳಿಗೆ ಸಾವು ಸಮೀಪ ಬಂದು ಹೋದದ್ದಕ್ಕಿಂತ ಈ ಮಾತು ಹೆಚ್ಚು ಚುಚ್ಚಿತು. ಎದ್ದಳು. ಮೂರು ಮಹಡಿ ಮೆಟ್ಟಿಲಿಳಿದು ರಸ್ತೆಗೆ ಬಂದ ಮೇಲೆ ತಿಳಿಯಿತು, ಡಬ್ಬಿ ಅವಳ ಕೈಯಲ್ಲೇ ಇದೆ. ಯಾವಾಗ ಎತ್ತಿಕೊಂಡಳೋ ಗೊತ್ತಾಗಲಿಲ್ಲ.

ಸೋಮವಾರ ಅವಳು ಮ್ಯಾನೇಜರ್ ಮುಂದೆ ನಿಂತು, ಕವಚ ಬಿಚ್ಚಿ ನೋಡಲೇಬೇಕು ಎಂದಳು. ಹೊಸದು ಹಾಕಿ ಎರಡು ವಾರವಷ್ಟೇ ಆಗಿದೆ ಎಂದ ಅವನು. "ಹಾಗಾದ್ರೆ ಇವತ್ತಿಂದ ಒಂದು ಸುರುಳಿಗೂ ನಾನು ಪಾಸು ಅಂತ ಸಹಿ ಹಾಕಲ್ಲ ಸಾರ್" ಎಂದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದೇ ಇಲ್ಲ. ಮ್ಯಾನೇಜರ್ ಇಂಜಿನಿಯರನ್ನು ಕರೆಸಿದ.

ಹತ್ತೂವರೆಗೆ ಯಂತ್ರ ನಿಂತಿತು. ಬುಸುಗುಟ್ಟುವ ಸದ್ದು ನಿಂತ ಮೇಲೆ ಶೆಡ್ಡಿನಲ್ಲಿ ಎಷ್ಟು ನಿಶ್ಶಬ್ದವಾಯಿತೆಂದರೆ, ಗೋದಾಮಿನ ಸುರುಳಿಗಳ ಚಟಚಟ ಇಲ್ಲಿಯವರೆಗೂ ಕೇಳಿಸಿತು. ಇಂಜಿನಿಯರ್ ವಿದ್ಯುತ್ತು ತೆಗೆದು, ಅರ್ಥ್ ವೈರ್ ಇದೆಯೆಂದು ಎರಡು ಸಲ ನೋಡಿದ. ಲಾಯರ್ ಚಾಕುವಿನಿಂದ ಕವಚವನ್ನು ಉದ್ದಕ್ಕೆ ಸೀಳಿ, ಹಣ್ಣಿನ ಸಿಪ್ಪೆ ಬಿಡಿಸಿದಂತೆ ಬಿಡಿಸಿದ. ಅರ್ಧ ಬಿಡಿಸಿದವನು ಕೈ ಹಿಂದಕ್ಕೆಳೆದುಕೊಂಡ.

ಹೊಳೆಯುವ ಲೋಹದ ಮೇಲೆ ಕಪ್ಪಗೆ ಒಂದು ಕೈ ಇತ್ತು. ಅಂಗೈ ಹೆಣ್ಣುಮಗಳೊಬ್ಬಳ ಅಂಗೈ, ಉಂಗುರದ ಜಾಗದಲ್ಲಿ ಏಳು ಚುಕ್ಕೆ. ಬೆರಳುಗಳು ಮಾತ್ರ ಮನುಷ್ಯರ ಬೆರಳಿನಷ್ಟಿರಲಿಲ್ಲ. ಅರ್ಧ ಗೇಣಿಗೂ ಮಿಗಿಲು, ತುದಿಯಲ್ಲಿ ತೆಳ್ಳಗಾಗಿ ಬೇರಿನಂತೆ ಕವಲೊಡೆದಿದ್ದವು.

ಪ್ಯಾಕಿಂಗ್ ಹೆಂಗಸರು ಒಬ್ಬೊಬ್ಬರಾಗಿ ಬಂದು ದೂರದಲ್ಲಿ ನಿಂತರು. ಇಂಜಿನಿಯರ್ ಒಬ್ಬನೇ ವಿವರಿಸುತ್ತಿದ್ದ: ಕುಳಿಯಲ್ಲಿ ಗಾಳಿ ಸಿಕ್ಕಿಕೊಂಡಿದೆ, ವಿದ್ಯುತ್ತು ಆ ಗಾಳಿಯಲ್ಲೇ ವ್ಯರ್ಥವಾಗುತ್ತಿದೆ, ಅದಕ್ಕೇ ಅಷ್ಟು ಜಾಗದಲ್ಲಿ ಫಿಲಂ ಹದವಾಗಿಲ್ಲ, ಅದೇ ಕಿಡಿ ದಿನದಿನಕ್ಕೂ ಲೋಹ ತಿಂದು ಕುಳಿ ದೊಡ್ಡದಾಗುತ್ತಿದೆ.

"ಹಾಗಾದ್ರೆ ಅಂಗೈಯೂ ದೊಡ್ಡದಾಗ್ಬೇಕಿತ್ತಲ್ಲ ಸಾರ್? ಬೆರಳೇ ಯಾಕೆ?" ಎಂದ ಲಾಯರ್. ಈ ಸಲ ವಾದಕ್ಕಲ್ಲ, ನಿಜವಾಗಿಯೂ ತಿಳಿದುಕೊಳ್ಳಲು.

"ಅದನ್ನ ನೋಡ್ಬೇಕು" ಎಂದ ಇಂಜಿನಿಯರ್. ಮುಂದೆ ಅವನು ಅದನ್ನು ನೋಡಲೂ ಇಲ್ಲ, ಯಾರೂ ಕೇಳಲೂ ಇಲ್ಲ.

ಇಂಕಮ್ಮ ಹತ್ತಿರ ಹೋದಳು. ಎಡಗೈಯನ್ನು ಆ ಕೈಯ ಮೇಲೆ, ತಾಗದಂತೆ ಒಂದು ಅಂಗುಲ ಎತ್ತರದಲ್ಲಿ ಹಿಡಿದಳು. ವಿದ್ಯುತ್ತು ಇರಲಿಲ್ಲ, ಅರ್ಥ್ ವೈರ್ ಇತ್ತು. ಆದರೂ ಅವಳ ಮುಂಗೈಯ ರೋಮ ಒಂದೊಂದೇ ಎದ್ದು ನಿಂತಿತು. ಪಕ್ಕದಲ್ಲಿದ್ದ ಲಾಯರ್ ಅದನ್ನು ಕಣ್ಣಾರೆ ನೋಡಿದ. ಅವಳ ಸತ್ತ ಚರ್ಮದಲ್ಲಿ, ಇಪ್ಪತ್ತೆರಡು ವರ್ಷ ಬಿಸಿ ತಂಪು ಎರಡೂ ತಿಳಿಯದಿದ್ದ ಜಾಗದಲ್ಲಿ, ಯಾರೋ ಉಸಿರು ಬಿಟ್ಟಂತಾಯಿತು. ಅವಳು ಮುಟ್ಟಲಿಲ್ಲ. ಕೈ ಮಡಚಿ ಸೆರಗಿನೊಳಗೆ ಇಟ್ಟುಕೊಂಡು, "ತೆಗೆದುಬಿಡಿ ಇದನ್ನ" ಎಂದಳು.

ರೋಲರನ್ನು ಉಜ್ಜಿ ಸರಿಮಾಡಲು ಲೇತ್ ಅಂಗಡಿಗೆ ಕಳಿಸಿದರು. ಒಂದು ಪದರ ತೆಗೆದರು, ಇನ್ನೊಂದು ತೆಗೆದರು. ಮೂರನೆಯ ದಿನ ಅಂಗಡಿಯವನೇ ಫೋನ್ ಮಾಡಿ, "ಉಜ್ಜಿದ ಮೇಲೆ ಹೋದ ಹಾಗಿರುತ್ತೆ, ಬೆಳಗ್ಗೆ ಬಂದು ನೋಡಿದ್ರೆ ನೆರಳು ಕಾಣುತ್ತೆ. ನಮ್ಮ ಕೆಲಸದವರು ಹತ್ರ ಹೋಗ್ತಿಲ್ಲ. ತಗೊಂಡ್ಹೋಗಿ" ಎಂದ. ಅದನ್ನು ಕರಗಿಸಲು ಕೊಟ್ಟು ಹೊಸ ರೋಲರ್ ತಂದರು. ಅದರ ಮೊದಲ ಫಿಲಂ ಮೇಲೆ ಅವಳು ಬಳಿದ ಇಂಕು ಅಂಚಿನಿಂದ ಅಂಚಿಗೆ ಅಲುಗದೆ ನಿಂತಿತು. ಪ್ರಿಂಟರ್ ಮತ್ತೆ ನಗುತ್ತಾ ಬರತೊಡಗಿದ.

ಅವಳ ಪಾಲಿಗೆ ಅಲ್ಲಿಗೆ ಮುಗಿಯಲಿಲ್ಲ. ಕಾರ್ಖಾನೆಯಲ್ಲಿ ಅಪಘಾತದ ದಾಖಲೆ ಪುಸ್ತಕವೊಂದಿತ್ತು. ಅವಳು ಅದನ್ನು ಕೇಳಿದಳು.

"ಇಪ್ಪತ್ತೆರಡು ವರ್ಷದ ಹಿಂದಿನದು ಈಗ್ಯಾಕಮ್ಮ? ಸತ್ತವರಿಲ್ಲ, ಕೆಟ್ಟವರಿಲ್ಲ" ಎಂದ ಮ್ಯಾನೇಜರ್.

"ನಾನು ಸತ್ತಿದ್ನೋ ಇಲ್ವೋ ಅನ್ನೋದೇ ಸರಿಯಾಗಿ ಗೊತ್ತಿಲ್ವಲ್ಲ ಸಾರ್" ಎಂದಳು ಅವಳು. ಮ್ಯಾನೇಜರ್ ಪುಸ್ತಕ ಕೊಟ್ಟ.

ತಾರೀಖು, ಸಮಯ ಹನ್ನೊಂದೂ ಹತ್ತು, ಗಾಯಗೊಂಡವರ ಹೆಸರು ಎಂಬಲ್ಲಿ ಯಾರೂ ಕರೆಯದ ಅವಳ ಹೆಸರು, ಕಾರಣ: ಅರ್ಥ್ ವೈರ್ ಸಿಕ್ಕಿಸದೆ ಸ್ವಿಚ್ ಒತ್ತಿದ್ದು. ದುಂಡಗಿನ ಅಕ್ಷರದಲ್ಲಿ ಬರೆದು, ಪುಸ್ತಕ ಹಿಡಿದು ಮೇಸ್ತ್ರಿಯ ಮನೆಗೆ ಹೋದಳು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ನನ್ನ ಹೆಸರು ಬರೆದಿಲ್ವಲ್ಲ" ಎಂದರು. "ಅದನ್ನ ನೀವೇ ಬರೀಬೇಕು" ಎಂದಳು. ಅವರು ಬರೆದರು. ಬರೆದು, ಪುಸ್ತಕದ ಮೇಲೆ ಹಣೆಯಿಟ್ಟು ಅತ್ತರು. ಅವಳು ನೀರು ತಂದುಕೊಟ್ಟಳು. ಸಮಾಧಾನದ ಮಾತು ಬಾಯಿಗೆ ಬರಲಿಲ್ಲ, ಬರಿಸಿಕೊಳ್ಳಲೂ ಇಲ್ಲ. ಮತ್ತೆ ಮೂರು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಆಮೇಲೊಂದು ದಿನ ಹೋದಳು. ಈಗಲೂ ಹೋಗುತ್ತಾಳೆ, ಮೊದಲಿನಷ್ಟಲ್ಲ. ಮಾತು ಆ ದಿನದ ಹತ್ತಿರ ಬಂದರೆ ಇಬ್ಬರಲ್ಲಿ ಒಬ್ಬರು ಎದ್ದು ಕಿಟಕಿ ತೆರೆಯುತ್ತಾರೆ.

ಆ ದಾಖಲೆಯಿಂದ ಒಂದು ನಿಯಮ ಹುಟ್ಟಿತು. ಈಗ ಸ್ವಿಚ್ ಒತ್ತುವ ಮೊದಲು ಇಬ್ಬರು ನಿಂತು, ಒಬ್ಬರು "ಅರ್ಥ್?" ಎಂದು ಕೂಗಬೇಕು, ಇನ್ನೊಬ್ಬರು ವೈರನ್ನು ಕಣ್ಣಿಂದ ನೋಡಿ "ಇದೆ" ಎನ್ನಬೇಕು, ಕೂಗಿದವರು ಎರಡೂ ಕೈ ಮೇಲೆತ್ತಿ ತೋರಿಸಬೇಕು.

ಇನ್ನೊಂದನ್ನೂ ಅವಳು ಕೇಳಿ ಪಡೆದಳು. ತನಗೆ ಯಂತ್ರದ ಕೆಲಸ ಕಲಿಸಬೇಕು ಎಂದಳು. ನಲವತ್ತೈದು ದಾಟಿದವಳು ಈಗ ಕಲಿತು ಏನು ಮಾಡುತ್ತೀಯ ಎಂದು ಯಾರೂ ಕೇಳಲಿಲ್ಲ. ಕಲಿಕೆ ಶುರುವಾದ ಬೆಳಗ್ಗೆ ಗಂಡ ಅಂಗಡಿ ತೆರೆಯದೆ ಗೇಟಿನವರೆಗೂ ಜೊತೆಗೆ ಬಂದ. ಲಾಯರ್ "ಅರ್ಥ್?" ಎಂದು ಕೂಗಿದ. ಅವಳು ವೈರ್ ನೋಡಿ, "ಇದೆ" ಎಂದಳು. ಅವನು ಎರಡೂ ಕೈ ಎತ್ತಿ ದೂರ ಸರಿದು ನಿಂತ. ಅವಳು ಸ್ವಿಚ್ಚಿನ ಮೇಲೆ ಬೆರಳಿಟ್ಟು ಹಾಗೇ ನಿಂತಳು. ಲಾಯರ್ ಆಮೇಲೆ ಹೇಳಿದ ಪ್ರಕಾರ ಪೂರಾ ಹನ್ನೊಂದು ನಿಮಿಷ. ಯಾರೂ ಅವಸರ ಮಾಡಲಿಲ್ಲ. ಪ್ಯಾಕಿಂಗ್ ಹೆಂಗಸೊಬ್ಬಳು ಮೆಲ್ಲಗೆ ಬಂದು ಅವಳ ಬೆನ್ನ ಹಿಂದೆ ನಿಂತಳು. ಆಗ ಅವಳು ಒತ್ತಿದಳು. ನೇರಳೆ ಬೆಳಕು ಹೊತ್ತಿಕೊಂಡಿತು, ಫಿಲಂ ಓಡತೊಡಗಿತು.